ಮರು: ಪೈಕ್ ಮೀನಿನ ಗಾಳಕ್ಕೆ ಕಟ್ಟುವ ‘ಲೀಡರ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಮೀನು ಹಿಡಿಯುವ ಕೈಪಿಡಿಯ ಅನುವಾದ ಈ ವಾರವೇ ಅಚ್ಚಿಗೆ ಹೋಗಬೇಕೆಂದು ಕೇಳಿದವರು ತಿಳಿಸಿರುವುದರಿಂದ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಗಾಳಕ್ಕೂ ಮುಖ್ಯ ದಾರಕ್ಕೂ ನಡುವೆ ಕಟ್ಟುವ ಆ ಚಿಕ್ಕ ಭಾಗದ ಹೆಸರನ್ನು ‘ಲೀಡರ್’ ಎಂದೇ ಉಳಿಸಿಕೊಳ್ಳಿ. ಅದು ಯಾವುದರಿಂದ, ಹೇಗೆ ಆಗಿದೆ ಎಂಬುದನ್ನು ಮಾತ್ರ ತಪ್ಪದೆ ಕನ್ನಡದಲ್ಲಿ ಬಿಡಿಸಿ ಹೇಳಿ.

ಅದಕ್ಕೆ ಈ ಚರ್ಚೆಯಲ್ಲಿ ಸೂಚಿತವಾದ ‘ಮುನ್ನೂಲು’ ಸಂಧಿಯ ದೃಷ್ಟಿಯಿಂದ ಸರಿ, ಅರ್ಥದ ದೃಷ್ಟಿಯಿಂದ ಸಲ್ಲದು. ನೂತದ್ದು ನೂಲು. ಪೈಕ್, ಮಸ್ಕಿ, ಆಫ್ರಿಕಾದ ಟೈಗರ್ ಫಿಶ್‌ಗಳಂಥ ಚೂಪು ಹಲ್ಲಿನ ಸಿಹಿನೀರಿನ ಮೀನುಗಳನ್ನು ಹಿಡಿಯುವಾಗ ಗಾಳದ ಮುಂದೆ ಒಂದೂವರೆ ಅಡಿಯಷ್ಟು ಲೀಡರ್ ಕಟ್ಟುವುದೇ ನೂಲಿನಂಥದ್ದು ಅವುಗಳ ಹಲ್ಲಿಗೆ ಸಿಗಬಾರದೆಂದು. ‘ಮುನ್ನೂಲು ಕಟ್ಟಿರಿ’ ಎಂದು ಓದಿದವನು ಇನ್ನೊಂದು ಮೊಳ ತೆಳು ನೈಲಾನ್ ಕಟ್ಟಿಕೊಂಡರೆ, ಮೀನು ಅದನ್ನು ಕಡಿದುಕೊಂಡು, ಮೂರು ಮೊನೆಯ ಗಾಳವನ್ನು ಗಂಟಲಲ್ಲೇ ಹೊತ್ತು ಹೋಗುತ್ತದೆ. ಪದವೊಂದು ಚೆನ್ನಾಗಿ ಕೇಳಿಸುತ್ತದೆ ಎಂಬುದಕ್ಕಾಗಿ ಇಷ್ಟು ತೆರುವುದನ್ನು ನಾನು ಒಪ್ಪಲಾರೆ.

ಇನ್ನೊಂದು ಸೂಚನೆಯಾದ ‘ತುದಿತಂತಿ’ ಇದಕ್ಕಿಂತ ಮೇಲು, ಆದರೆ ಸಾಲದು. ಲೀಡರ್ ಎಲ್ಲವೂ ತಂತಿಯಲ್ಲ. ತಿಳಿನೀರಿನಲ್ಲಿ ಉಕ್ಕಿನ ತಂತಿಗೆ ಮೀನು ಅಳುಕಬಹುದೆಂದು 80ರಿಂದ 100 ಪೌಂಡ್ ತಾಳಿಕೆಯ, ಸುಮಾರು ಒಂದು ಮಿಲಿಮೀಟರ್ ದಪ್ಪದ ಫ್ಲೂರೊಕಾರ್ಬನ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಎಳೆಯನ್ನು ಕಟ್ಟುವವರಿದ್ದಾರೆ; ಬೆಳಕನ್ನು ಬಾಗಿಸುವ ಅದರ ಅಳತೆ, ಅಂದರೆ ವಕ್ರೀಭವನ ಸೂಚ್ಯಂಕ, 1.42ರಷ್ಟಿದ್ದು ನೀರಿನ 1.33ಕ್ಕೆ ನೈಲಾನ್‌ಗಿಂತ ಹತ್ತಿರವಿರುವುದರಿಂದ ಅದು ನೀರಿನಲ್ಲಿ ಅಷ್ಟಾಗಿ ಕಾಣದು. ಅದು ಹಲ್ಲಿಗೆ ಅಭೇದ್ಯವಲ್ಲ; ಪ್ರತಿ ಮೀನಿನ ನಂತರ ಬೆರಳಾಡಿಸಿ ನೋಡಿ, ಗೀರು ಬಿದ್ದಿದ್ದರೆ ಕತ್ತರಿಸಿ ಎಸೆಯಬೇಕು. ಈ ಎಚ್ಚರಿಕೆ ‘ತಂತಿ’ ಎಂಬ ಮಾತಿನ ಹಿಂದೆ ಅಡಗಿಹೋಗುತ್ತದೆ.

ನನಗೆ ನಿಜವಾಗಿ ನೋವಾದದ್ದು ಮುಖ್ಯ ದಾರದ ವಿಷಯದಲ್ಲಿ. ‘ಬ್ರೇಡ್’ ಎಂಬ ಬಗೆಯ ಮುಖ್ಯ ದಾರಕ್ಕೆ ‘ಹುರಿದಾರ’ ಎಂದು ಒಬ್ಬರು ಬರೆದಿದ್ದಾರೆ, ಇನ್ನಿಬ್ಬರು ತಲೆದೂಗಿದ್ದಾರೆ. ಹಳಗನ್ನಡದ ‘ಪುರಿ’ಯೇ ಇಂದಿನ ‘ಹುರಿ’. ಅದರ ಜೀವಾಳ ತಿರುಚುವುದು. ಬ್ರೇಡ್ ತಿರುಚಿದ್ದಲ್ಲ, ಹೆಣೆದದ್ದು: ಪಾಲಿಎಥಿಲೀನ್‌ನ ನಾಲ್ಕೋ ಎಂಟೋ ಎಳೆಗಳನ್ನು ಜಡೆಯಂತೆ ಒಂದರ ಮೇಲೊಂದು ಹಾಯಿಸಿದ್ದು. ಹಿಗ್ಗದ, ತೆಳುವಾದ ಈ ದಾರ ನೇರ ಎಳೆತಕ್ಕೆ ಬಹಳ ಗಟ್ಟಿ. ಆದರೆ ಬಿಗಿದು ನಿಂತಾಗ ಹಲ್ಲಿನ ಅಂಚು ತಾಗಿದರೆ ಅದರ ನವಿರು ನಾರುಗಳು ಒಂದೊಂದಾಗಿ ತುಂಡಾಗುತ್ತವೆ. ಹುರಿ ಎಂಬ ಹೆಸರಿಗೆ ತಕ್ಕದ್ದು ಏಳೆಳೆಯ ಉಕ್ಕಿನ ಲೀಡರ್: ನಡುವಿನ ಒಂದು ಎಳೆಯನ್ನು ಆರು ಎಳೆಗಳು ಸುತ್ತಿಕೊಂಡಿರುತ್ತವೆ. ಅಂಥ ಏಳು ಹುರಿಗಳನ್ನು ಮತ್ತೆ ಸೇರಿಸಿದರೆ 49 ಎಳೆಯದು, ಇನ್ನಷ್ಟು ಮೆತ್ತಗಿರುತ್ತದೆ. ಹಲ್ಲಿಗೆ ಸೋಲುವುದನ್ನೂ ಹಲ್ಲನ್ನು ತಡೆಯುವುದನ್ನೂ ಒಂದೇ ಹೆಸರಿನಿಂದ ಕರೆಯುವುದು ಅನುವಾದವಲ್ಲ. ಹೆಣೆ, ಹುರಿ ಎಂಬೆರಡು ಮಾತುಗಳು ಈ ಭೇದವನ್ನು ಮೊದಲಿನಿಂದಲೂ ಕಾಯ್ದುಕೊಂಡು ಬಂದಿರುವಾಗ ನಾವೇ ಅದನ್ನು ಅಳಿಸಬಾರದು.

‘ಲೀಡರ್’ ಎರವಲು ಪದ, ಆದ್ದರಿಂದ ಬೇಡ ಎಂಬ ವಾದಕ್ಕೆ ನನ್ನ ಉತ್ತರ ಚಿಕ್ಕದು. ‘ತಂತಿ’ ಸಂಸ್ಕೃತದಿಂದ ಬಂದದ್ದು, ‘ನೈಲಾನ್’ ಇಂಗ್ಲಿಷಿನಿಂದ. ಎರಡಕ್ಕೂ ಇಲ್ಲದ ಆಕ್ಷೇಪ ‘ಲೀಡರ್’ ಒಂದಕ್ಕೇ ಏಕೆ ಎಂಬುದನ್ನು ಆಕ್ಷೇಪಿಸುವವರೇ ಹೇಳಬೇಕು. ‘ನಾಯಕದಾರ’ ಎಂಬ ಸೂಚನೆ ಚರ್ಚೆಗೆ ಯೋಗ್ಯವಲ್ಲ.

ಹೀಗಾಗಿ ಅನುವಾದಕರು ‘ಹೆಣೆದ ದಾರ’, ‘ಒಂಟಿ ಎಳೆಯ ನೈಲಾನ್’, ‘ಫ್ಲೂರೊಕಾರ್ಬನ್ ಲೀಡರ್’, ‘ಒಂಟಿ ತಂತಿಯ ಲೀಡರ್’, ‘ಏಳೆಳೆಯ ಹುರಿತಂತಿಯ ಲೀಡರ್’ ಎಂದು ಬಳಸಬಹುದು. ಅವರು ಕಳುಹಿಸಿದ ಮಾದರಿ ಪುಟದಲ್ಲಿ ಎಲ್ಲ ಕಡೆಯೂ ‘ಗಂಟು ಹಾಕಿ’ ಎಂದಿದೆ, ಅದನ್ನೂ ತಿದ್ದಬೇಕು. ಗಂಟು ಸಲ್ಲುವುದು ನೈಲಾನ್‌ಗೆ, ಹೆಣೆದ ದಾರಕ್ಕೆ, ಬಿಗಿಯುವ ಮುನ್ನ ಒದ್ದೆ ಮಾಡಿದ ಫ್ಲೂರೊಕಾರ್ಬನ್‌ಗೆ. ಒಂಟಿ ಉಕ್ಕಿನ ತಂತಿಯನ್ನು ಅದರ ಮೇಲೆಯೇ ‘ತಿರುಚಿ’ ಕುಣಿಕೆ ಮಾಡುತ್ತಾರೆ, ಹುರಿತಂತಿಯನ್ನು ಲೋಹದ ಪುಟ್ಟ ಕೊಳವೆಯಲ್ಲಿ ತೂರಿಸಿ ಇಕ್ಕಳದಿಂದ ‘ಅದುಮುತ್ತಾರೆ’. ಒಮ್ಮೆ ಮಡಿಚಿಕೊಂಡ ಒಂಟಿ ಉಕ್ಕಿನ ತಂತಿಯನ್ನು ನೆಟ್ಟಗೆ ಮಾಡಿ ಮತ್ತೆ ಕಟ್ಟಬಾರದೆಂಬ ಸಾಲು ಅಲ್ಲಿಲ್ಲ. ಮೂಲದಲ್ಲಿ ಇದ್ದರೆ ದಯವಿಟ್ಟು ಬಿಡಬೇಡಿ.