ಪದ ಬೇಕು (ಅರ್ಜೆಂಟ್): ಡೋನರ್ ಸೈಟ್ ಮಾರ್ಬಿಡಿಟಿ

ನಮಸ್ಕಾರ. ರೋಗಿಗಳಿಗೆ ಕೊಡುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮಿಷನ್ನಿಗೆ ಸಿಕ್ಕಿ ಕೈಯ ಹೆಬ್ಬೆರಳು ಹೋದವರಿಗೆ ಕಾಲಿನ ಬೆರಳು ತೆಗೆದು ಕೂರಿಸುತ್ತಾರಲ್ಲ, ಆ ಆಪರೇಷನ್. ಬೆರಳು ಕೊಟ್ಟ ಕಾಲಿನ ಪಾಡೇನು ಅನ್ನೋ ಭಾಗಕ್ಕೆ ತಲೆಬರಹ ಬೇಕು. ಇಂಗ್ಲಿಷಿನಲ್ಲಿ ಇದಕ್ಕೇ 'ಡೋನರ್ ಸೈಟ್ ಮಾರ್ಬಿಡಿಟಿ' ಅನ್ನೋದು. ಹಳೇ ಕರಡಿನಲ್ಲಿ 'ದಾನಿಸ್ಥಾನ ರುಗ್ಣತೆ' ಅಂತಿದೆ. ಓದಿದವರು ಆಪರೇಷನ್ನೇ ಬೇಡ ಅಂದಾರು. 'ಬೆರಳು ಕೊಟ್ಟ ಜಾಗದ ತೊಂದರೆ' ನಡೆಯುತ್ತದಾ? ಇನ್ನೊಂದು: ಕೈಯದ್ದೂ ಹೆಬ್ಬೆರಳು, ಕಾಲಿನದ್ದೂ ಹೆಬ್ಬೆರಳು. ಒಂದೇ ಸಾಲಿನಲ್ಲಿ ಎರಡೂ ಬಂದರೆ ಗೋಜಲು.

---

> ಬೆರಳು ಕೊಟ್ಟ ಜಾಗದ

'ಜಾಗ' ಪಾರಸಿ. 'ಎಡೆ' ಇರುವಾಗ ಸಾಲ ಯಾಕೆ? 'ಕೊಟ್ಟೆಡೆಗೇಡು' ಅನ್ನಿ. ಕಾಲಿನದ್ದಕ್ಕೆ 'ಉಂಗುಟ' ಇದೆ. ಮಹಾಪ್ರಾಣವಿಲ್ಲದ ಅಚ್ಚಗನ್ನಡ. ಇಷ್ಟಕ್ಕೆ ಚರ್ಚೆ ಬೇಕಿರಲಿಲ್ಲ.

---

ಎಡೆ ನಮ್ಮ ಕಡೆ ಸತ್ತವರಿಗೆ ಇಡೋದು. ಆಪರೇಷನ್ ಕರಪತ್ರಕ್ಕೆ ಒಳ್ಳೇ ಶಕುನ! ಉಂಗುಟವೂ ಸಂಸ್ಕೃತದ ಅಂಗುಷ್ಠವೇ. ಮಹಾಪ್ರಾಣ ಕಳಚಿದ ಮಾತ್ರಕ್ಕೆ ಸಾಲ ತೀರಿತಾ?

ಕಾಲಿಗೆ ಏನಾಗುತ್ತದೆ ಅಂತ ಮೊದಲು ನೋಡೋಣ. 1968ರಲ್ಲಿ ಇಂಗ್ಲೆಂಡಿನ ಸರ್ಜನ್ ಜಾನ್ ಕಾಬೆಟ್ ಕೈಗೆ ಕೂರಿಸಿದ್ದು ಕಾಲಿನ ಹೆಬ್ಬೆರಳನ್ನು. ಅದನ್ನು ತೆಗೆದರೆ ಹೆಜ್ಜೆ ಎತ್ತುವಾಗ ನೆಲ ಒತ್ತುವ ಬಲ ತಗ್ಗುತ್ತದೆ. ಭಾರ ಪಕ್ಕದ ಬೆರಳುಗಳ ಬುಡಕ್ಕೆ ಸರಿದು ಅಂಗಾಲು ಅಲ್ಲಿ ಜಡ್ಡುಗಟ್ಟಬಹುದು. ಅದಕ್ಕೇ ಹೆಬ್ಬೆರಳಿನ ಬುಡದ ಮೂಳೆಯನ್ನು ಒಂದಿಷ್ಟು ಉಳಿಸಿಕೊಳ್ಳುತ್ತಾರೆ. ಹೆಬ್ಬೆರಳಿನ ಬದಲು ಕಾಲಿನ ಎರಡನೇ ಬೆರಳು ತೆಗೆದರೆ ಸಂದು ಕೂಡಿಸಿ ಹೊಲಿಯುತ್ತಾರೆ, ಪಾದ ಸ್ವಲ್ಪ ಕಿರಿದಾಗುತ್ತದೆ, ನಡಿಗೆಯಲ್ಲಿ ಜಾಸ್ತಿ ವ್ಯತ್ಯಾಸ ಇರೋದಿಲ್ಲ. ಗಾಯ ಮಾಯಲು ತಡ, ಚಳಿಗೆ ನೋವು, ಗಾಯದ ಸುತ್ತ ಜೋಮು, ಇವು ಕೆಲವರಿಗೆ ಎರಡರಲ್ಲೂ ಇದ್ದದ್ದೇ. ಇದು ರೋಗವಲ್ಲ, ಕೇಡೂ ಅಲ್ಲ. 'ರುಗ್ಣತೆ' ಹೊಡೆದುಹಾಕಿ.

ಎರಡನೇ ಬೆರಳಿಗೆ 'ಕಾಲುಂಗುರದ ಬೆರಳು' ಅನ್ನಿ. ಯಾರಿಗೂ ವಿವರಿಸಬೇಕಿಲ್ಲ. ಹೆಂಗಸರು ಮೊದಲು ಕೇಳೋದೂ ಅದನ್ನೇ ಅಲ್ವಾ, ಉಂಗುರ ಇನ್ನೆಲ್ಲಿ ಹಾಕೋದು ಅಂತ. ಅದಕ್ಕೂ ಒಂದು ಸಾಲು ಬರೆಯಿರಿ.

---

'ಆಪರೇಷನ್' ಅಂತ ಬರೆಯುವವರಿಂದ ಸಾಲದ ಲೆಕ್ಕ! 'ಕೊಯ್ತ' ಅನ್ನೋಕೆ ಏನು ಕಷ್ಟ?

---

ಕೊಯ್ತ ಅಂದರೆ ರೈತರು ಕುಡುಗೋಲು ಹುಡುಕುತ್ತಾರೆ ಸಾರ್. 'ಬೆರಳು ಕೊಟ್ಟ ಕಾಲಿಗೆ ಏನಾಗುತ್ತದೆ?' ಅಂತ ಹಾಕಿ ಕಳಿಸುತ್ತಿದ್ದೇನೆ. ಕಾಲುಂಗುರದ ಬೆರಳೂ ಸೇರಿತು. ಉಂಗುಟಕ್ಕೆ ಬೇರೆ ಎಳೆ ಶುರು ಮಾಡಿ, ನಾನು ಬರೋದಿಲ್ಲ.