ಹಳೇ ಟ್ರಾನ್ಸಿಸ್ಟರ್ ಬೇಸ್ ಆಂಪ್: ಜೋರು ಹಮ್, ಆಮೇಲೆ ಫ್ಯೂಸ್ ಢಮಾರ್

ತಗ್ಗುಸ್ವರ:
70ರ ದಶಕದ ಸಾಲಿಡ್ ಸ್ಟೇಟ್ (ವಾಲ್ವ್ ಇಲ್ಲದ, ಟ್ರಾನ್ಸಿಸ್ಟರಿನ) ಬೇಸ್ ಗಿಟಾರ್ ಆಂಪ್ ಒಂದಿದೆ, ಮೊದಲು ಬರೀ ಗುಂಯ್ ಅನ್ನೋ ಹಮ್ ಬರ್ತಿತ್ತು, ವಾಲ್ಯೂಮ್ ಸೊನ್ನೆಗೆ ಇಳಿಸಿದ್ರೂ ಹೋಗ್ತಿರ್ಲಿಲ್ಲ, ಈಗ ಆನ್ ಮಾಡಿದ ತಕ್ಷಣ ಫ್ಯೂಸ್ ಹೋಗುತ್ತೆ. ಸ್ವಲ್ಪ ದೊಡ್ಡ ಫ್ಯೂಸ್ ಹಾಕಿ ನೋಡ್ಲಾ?

ಬೆಸುಗೆ_ಭಟ್ಟ:
ಅಯ್ಯೋ ಬೇಡ ಮಾರಾಯ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತೆ! ಸ್ಪೀಕರ್ ಬಿಚ್ಚಿಡಿ, 60 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬನ್ನ ಮೇನ್ಸ್‌ಗೆ ಸೀರೀಸ್‌ನಲ್ಲಿ (ಕರೆಂಟ್ ಬಲ್ಬ್ ದಾಟಿಯೇ ಆಂಪ್‌ಗೆ ಹೋಗೋ ಹಾಗೆ) ಹಾಕಿ ಆನ್ ಮಾಡಿ. ಒಮ್ಮೆ ಮಿನುಗಿ ಮಂಕಾದ್ರೆ ಸರಿ, ಹಾಗೇ ಜೋರಾಗಿ ಉರೀತಿದ್ರೆ ಎಲ್ಲೋ ಶಾರ್ಟ್ ಇದೆ. ಪ್ಲಗ್ ಕಿತ್ತು, ಫಿಲ್ಟರ್ ಕೆಪ್ಯಾಸಿಟರ್‌ಗಳನ್ನ (ಸಪ್ಲೈನ ಏರಿಳಿತ ತಗ್ಗಿಸೋ, ಚಾರ್ಜ್ ಹಿಡಿದಿಡೋ ದೊಡ್ಡ ಕೆಪ್ಯಾಸಿಟರ್‌ಗಳು) ರೆಸಿಸ್ಟರ್ ಹಿಡಿದು ಡಿಸ್ಚಾರ್ಜ್ ಮಾಡಿ (ಸ್ಕ್ರೂಡ್ರೈವರಲ್ಲಿ ಕಿಡಿ ಹಾರಿಸೋ ಶೌರ್ಯ ಬೇಡ), ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ (ಸ್ಪೀಕರ್ ಓಡಿಸೋವು) ಕಲೆಕ್ಟರ್-ಎಮಿಟರ್ ಕಾಲುಗಳ ಮಧ್ಯೆ ಮೀಟರನ್ನ ಓಮ್‌ನಲ್ಲಿ ಇಡಿ, ಸೊನ್ನೆ ಹತ್ತಿರ ತೋರಿಸಿದ್ರೆ ಅದು ಸತ್ತಿದೆ, ಬಿಚ್ಚಿ ಇನ್ನೊಮ್ಮೆ ಖಾತ್ರಿ ಮಾಡ್ಕೊಳ್ಳಿ.

ಓಮ್_ಶಾಂತಿ:
ಔಟ್‌ಪುಟ್ ಮಾತ್ರ ಬದಲಾಯಿಸಿದ್ರೆ ಸಾಲಲ್ಲ, ಡ್ರೈವರ್‌ಗಳು (ಔಟ್‌ಪುಟ್‌ಗಳನ್ನ ಓಡಿಸೋ ಟ್ರಾನ್ಸಿಸ್ಟರ್‌ಗಳು), 0.22-0.47 ಓಮ್‌ನ ಎಮಿಟರ್ ರೆಸಿಸ್ಟರ್‌ಗಳು, ಬಯಾಸ್ ಡಯೋಡ್ (ಸುಮ್ಮನಿದ್ದಾಗ ಔಟ್‌ಪುಟ್‌ಗಳಲ್ಲಿ ಹರಿಯೋ ಕರೆಂಟ್ ಹಿಡಿತದಲ್ಲಿಡೋದು), ಎಲ್ಲಾ ಚೆಕ್ ಮಾಡಿ, ಒಂದು ಹೋದಾಗ ಪಕ್ಕದವನ್ನೂ ಕರ್ಕೊಂಡು ಹೋಗುತ್ತೆ. ಮೈಕಾ ಶೀಟ್ (ಟ್ರಾನ್ಸಿಸ್ಟರ್ ಹೀಟ್‌ಸಿಂಕ್‌ಗೆ ಶಾರ್ಟ್ ಆಗದಂತೆ ತಡೆಯೋದು), ಹೀಟ್‌ಸಿಂಕ್ ಪೇಸ್ಟ್ ಹೊಸದಾಗಿ ಹಾಕಿ. ಮೊದಲಿದ್ದ ಹಮ್ ಬಹುಶಃ ಒಣಗಿದ ಫಿಲ್ಟರ್ ಕೆಪ್ಯಾಸಿಟರ್‌ದೇ.

ತಗ್ಗುಸ್ವರ:
ಬಲ್ಬ್ ಫುಲ್ ಉರೀತು! ಒಂದು ಔಟ್‌ಪುಟ್ ಶಾರ್ಟ್. ಸ್ಪೀಕರ್ ಯಾವಾಗ ಹಾಕ್ಲಿ?

ಬೆಸುಗೆ_ಭಟ್ಟ:
ರಿಪೇರಿ ಆದ್ಮೇಲೆ ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ನೋಡಿ. ಪ್ಲಸ್-ಮೈನಸ್ ಸಪ್ಲೈ ಇದ್ರೆ ಹತ್ತಾರು ಮಿಲಿವೋಲ್ಟ್ ಒಳಗಿರ್ಬೇಕು. ಒಂದೇ ಸಪ್ಲೈ ಇದ್ದು ಸ್ಪೀಕರ್‌ಗೆ ಮುಂಚೆ ದೊಡ್ಡ ಕೆಪ್ಯಾಸಿಟರ್ ಇದ್ರೆ, ಅದರ ಆಂಪ್ ಕಡೆ ಸಪ್ಲೈನ ಅರ್ಧ ವೋಲ್ಟೇಜ್ ಇರೋದೇ ಸರಿ, ಗಾಬರಿ ಬೇಡ. ಅಳೆದು ಇಲ್ಲಿ ಹಾಕಿ.