ಮತಿಯುರ್ ರಹಮಾನ್ ವಿಮಾನವನ್ನು ‘ಅಪಹರಿಸಿದರು’ ಎಂದು ಬರೆಯಬಹುದೇ?

ಪ್ರಶ್ನೆ: ವಾಚನಾಲಯದ ಟಿಪ್ಪಣಿಕಾರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ವಾಚನಾಲಯದ ಗೋಡೆಪತ್ರಿಕೆಗಾಗಿ ಬಾಂಗ್ಲಾದೇಶದ ಏಳು ಮಂದಿ ವೀರಶ್ರೇಷ್ಠರನ್ನು ಕುರಿತು ತಲಾ ಒಂದು ಪುಟದ ಪರಿಚಯ ಬರೆಯುತ್ತಿದ್ದೇನೆ. ಬಂಗಾಳಿಗಳು ‘ಬೀರ್ ಶ್ರೇಷ್ಠೊ’ ಎಂದು ಉಚ್ಚರಿಸುವ ಈ ಬಿರುದು ಮೂಲತಃ ನಮಗೂ ಪರಿಚಿತವಾದ ಸಂಸ್ಕೃತ ಪದವೇ ಆದ್ದರಿಂದ ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಅದು ಆ ದೇಶದ ಅತ್ಯುನ್ನತ ಶೌರ್ಯ ಪ್ರಶಸ್ತಿ. ಪೂರ್ವ ಪಾಕಿಸ್ತಾನವು ಬಾಂಗ್ಲಾದೇಶವಾಗಿ ಬೇರ್ಪಟ್ಟ 1971ರ ವಿಮೋಚನಾ ಯುದ್ಧದಲ್ಲಿ ಮಡಿದ ಏಳು ಜನರಿಗೆ ಮಾತ್ರ ಅದು ಸಂದಿದ್ದು, 1973ರ ಡಿಸೆಂಬರ್‌ನಲ್ಲಿ ಅವರ ಹೆಸರುಗಳನ್ನು ಘೋಷಿಸಲಾಯಿತು. ಆರು ಜನರ ಪುಟಗಳು ತೊಡಕಿಲ್ಲದೆ ಮುಗಿದವು. ಏಳನೆಯವರು, ವಾಯುಪಡೆಯಿಂದ ಬಂದ ಒಬ್ಬರೇ ಒಬ್ಬ ವೀರಶ್ರೇಷ್ಠರಾದ ಫ್ಲೈಟ್ ಲೆಫ್ಟಿನೆಂಟ್ ಮತಿಯುರ್ ರಹಮಾನ್. ಅವರ ಪುಟದಲ್ಲಿ ಒಂದು ಕ್ರಿಯಾಪದದ ಮುಂದೆ ನನ್ನ ಲೇಖನಿ ನಾಲ್ಕು ದಿನಗಳಿಂದ ನಿಂತುಬಿಟ್ಟಿದೆ.

ಘಟನೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1971ರ ಆಗಸ್ಟ್ 20, ಶುಕ್ರವಾರ. ಕರಾಚಿಯ ಮಸ್ರೂರ್ ವಾಯುನೆಲೆಯಲ್ಲಿ ರಶೀದ್ ಮಿನ್ಹಾಸ್ ಎಂಬ ಇಪ್ಪತ್ತು ವರ್ಷದ ಯುವಕ ಟಿ-33 ವಿಮಾನವನ್ನು ಒಬ್ಬನೇ ಹಾರಿಸಲು ರನ್‌ವೇ ಕಡೆಗೆ ಹೊರಟಿದ್ದನು. ಆಗಿನ್ನೂ ಪಾಕಿಸ್ತಾನದ ವಾಯುಪಡೆಯಲ್ಲೇ ಇದ್ದು ಅದೇ ನೆಲೆಯಲ್ಲಿ ಬೋಧಕರಾಗಿದ್ದ ಬಂಗಾಳಿ ಮತಿಯುರ್ ಅವನನ್ನು ತಡೆದು, ಹಿಂದಿನ ಆಸನಕ್ಕೆ ಏರಿ, ವಿಮಾನವನ್ನು ಭಾರತದ ಗಡಿಯತ್ತ ತಿರುಗಿಸಿದರು. ವಿಮಾನವನ್ನು ಬಲವಂತವಾಗಿ ಒಯ್ಯಲಾಗುತ್ತಿದೆ ಎಂಬ ರಶೀದನ ಸಂದೇಶ ರೇಡಿಯೋದಲ್ಲಿ ಕೇಳಿಸಿತು. ಗಡಿಗೆ ಇನ್ನು ಸುಮಾರು 50 ಕಿಲೋಮೀಟರ್ ಇರುವಾಗ ಸಿಂಧ್‌ನ ಥಟ್ಟಾ ಸಮೀಪ ವಿಮಾನ ನೆಲಕ್ಕಪ್ಪಳಿಸಿ ಇಬ್ಬರೂ ತೀರಿಕೊಂಡರು. ರಶೀದ್‌ಗೆ ಪಾಕಿಸ್ತಾನ ತನ್ನ ಅತ್ಯುನ್ನತ ಪ್ರಶಸ್ತಿಯಾದ ನಿಶಾನ್-ಎ-ಹೈದರ್ ನೀಡಿತು. ಮತಿಯುರ್‌ಗೆ ಬಾಂಗ್ಲಾದೇಶ ವೀರಶ್ರೇಷ್ಠ ಬಿರುದನ್ನು ನೀಡಿತು. ಒಂದೇ ವಿಮಾನದ ಎರಡು ಆಸನಗಳಿಗೆ ಎರಡು ದೇಶಗಳ ಪರಮೋಚ್ಚ ಗೌರವ ಸಂದ ಇಂಥ ಇನ್ನೊಂದು ಪ್ರಸಂಗವನ್ನು ನಾನು ಓದಿಲ್ಲ.

ಈಗ ನನ್ನ ತೊಡಕು. ‘ಮತಿಯುರ್ ವಿಮಾನವನ್ನು ಅಪಹರಿಸಿದರು’ ಎಂದರೆ ಪ್ರಯಾಣಿಕರನ್ನು ಒತ್ತೆಯಿಟ್ಟುಕೊಳ್ಳುವವರ ಚಿತ್ರ ಕಣ್ಣೆದುರು ಬರುತ್ತದೆ. ‘ಕದ್ದರು’ ಎಂದರೆ ಅವರನ್ನು ದ್ರೋಹಿ ಎಂದು ಕರೆದವರ ಭಾಷೆಯನ್ನೇ ಎತ್ತಿಕೊಂಡಂತಾಗುತ್ತದೆ. ‘ಹಾರಿಸಿಕೊಂಡು ಹೋದರು’ ಎಂಬುದು ಅಕ್ಷರಶಃ ಸರಿಯಾದರೂ ಕನ್ನಡದಲ್ಲಿ ಆ ಮಾತಿಗೆ ಬೇರೆಯದೇ ಅರ್ಥವಿದೆ. ‘ತಪ್ಪಿಸಿಕೊಳ್ಳಲು ಯತ್ನಿಸಿದರು’ ಎಂದು ಬರೆದರೆ ಮುಂದಿನ ಆಸನದಲ್ಲಿದ್ದ ಹುಡುಗ ವಾಕ್ಯದಿಂದಲೇ ಮಾಯವಾಗುತ್ತಾನೆ. ಯಾವ ಪದ ಬಳಸಲಿ? ಪದಕ್ಕಿಂತ ಹೆಚ್ಚಾಗಿ, ಈ ಕೃತ್ಯವನ್ನು ನಾವು ಹೇಗೆ ಅರ್ಥಮಾಡಿಕೊಳ್ಳಬೇಕೆಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಏರ್‌ಫ್ರೇಮ್ ಫಿಟ್ಟರ್, ಜಾಲಹಳ್ಳಿ

ನಾನು ವಾಯುಪಡೆಯಲ್ಲಿ ವಿಮಾನಗಳ ದುರಸ್ತಿ ಮತ್ತು ನಿರ್ವಹಣೆಯ ಕೆಲಸದಲ್ಲಿದ್ದವನು, ಹಾರಿದವನಲ್ಲ. ಆದರೂ ಆ ವಿಮಾನದ ರಚನೆಯನ್ನು ತಿಳಿದುಕೊಂಡರೆ ನಿಮ್ಮ ಪ್ರಶ್ನೆಯ ಅರ್ಧ ಭಾಗ ತಿಳಿಯಾಗುತ್ತದೆ ಎಂದು ನನಗೆ ತೋರುತ್ತದೆ.

ಟಿ-33 ಅಮೆರಿಕದ ಲಾಕ್‌ಹೀಡ್ ಸಂಸ್ಥೆ ತಯಾರಿಸಿದ, 1948ರಲ್ಲಿ ಮೊದಲು ಹಾರಿದ ಜೆಟ್ ತರಬೇತಿ ವಿಮಾನ. ಆಸನಗಳು ಅಕ್ಕಪಕ್ಕದಲ್ಲಿಲ್ಲ, ಒಂದರ ಹಿಂದೆ ಒಂದಿವೆ. ಮುಂದೆ ಕಲಿಯುವವನು, ಹಿಂದೆ ಕಲಿಸುವವರು. ಎರಡೂ ಕಡೆ ಸ್ಟಿಕ್ ಮತ್ತು ಪೆಡಲ್‌ಗಳಿದ್ದು, ಅವು ಒಂದಕ್ಕೊಂದು ಜೋಡಣೆಯಾಗಿರುವುದರಿಂದ ಒಬ್ಬರು ಎಳೆದರೆ ಇನ್ನೊಬ್ಬರ ಕೈಯಲ್ಲಿರುವುದೂ ಚಲಿಸುತ್ತದೆ. ಕಲಿಯುವವನು ತಪ್ಪಿದಾಗ ಬೋಧಕರು ಸರಿಪಡಿಸಲಿ ಎಂಬುದೇ ಈ ಏರ್ಪಾಡಿನ ಉದ್ದೇಶ. ಇಬ್ಬರೂ ವಿರುದ್ಧ ದಿಕ್ಕಿಗೆ ಎಳೆಯುತ್ತಾರೆಂದು ಅದನ್ನು ರೂಪಿಸಿದವರು ಎಣಿಸಿರಲಾರರು. ನೆಲಕ್ಕೆ ಹತ್ತಿರವಾಗಿ ವೇಗದಲ್ಲಿ ಸಾಗುತ್ತಿರುವ ವಿಮಾನದಲ್ಲಿ ಎರಡು ಜತೆ ಕೈಗಳು ಹೋರಾಡಿದರೆ ಸಾವರಿಸಿಕೊಳ್ಳಲು ಎತ್ತರವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ.

ಒಳಗೆ ಇದ್ದದ್ದು ಇಬ್ಬರೇ, ಇಬ್ಬರೂ ಉಳಿಯಲಿಲ್ಲ. ರಶೀದ್ ವಿಮಾನ ಗಡಿ ದಾಟದಿರಲೆಂದು ಉದ್ದೇಶಪೂರ್ವಕವಾಗಿ ಅದನ್ನು ನೆಲಕ್ಕೆ ಇಳಿಸಿದನೆಂದು ಪಾಕಿಸ್ತಾನ ಹೇಳುತ್ತದೆ. ಇಬ್ಬರ ಸೆಣಸಾಟದಲ್ಲಿ ವಿಮಾನ ನಿಯಂತ್ರಣ ತಪ್ಪಿತೆಂದೂ ಮತಿಯುರ್ ಬಳಿ ಪ್ಯಾರಾಚೂಟ್ ಇರಲಿಲ್ಲವೆಂದೂ ಬಾಂಗ್ಲಾದೇಶದ ನಿರೂಪಣೆ ಹೇಳುತ್ತದೆ. ಕೊನೆಯ ಆ ಕ್ಷಣಗಳನ್ನು ಎರಡೂ ದೇಶಗಳು ತಮ್ಮ ತಮ್ಮ ನಂಬಿಕೆಯಿಂದ ತುಂಬಿಕೊಂಡಿವೆ. ಆದ್ದರಿಂದ ನಿಮ್ಮ ಪುಟದಲ್ಲಿ ಆ ಕ್ಷಣಗಳನ್ನು ವರ್ಣಿಸಲು ಹೋಗಬೇಡಿ ಎಂಬುದು ನನ್ನ ಮೊದಲ ಸಲಹೆ. ರೇಡಿಯೋ ಸಂದೇಶ, ವಿಮಾನ ಸಾಗಿದ ದಿಕ್ಕು, ಬಿದ್ದ ಜಾಗ, ಇಷ್ಟನ್ನೇ ಬರೆಯಿರಿ.

ಪದದ ಬಗ್ಗೆ ಹೇಳುವುದಾದರೆ, ‘ವಶಕ್ಕೆ ತೆಗೆದುಕೊಂಡರು’ ಎಂಬುದು ಸೇನೆಯವರ ಕಿವಿಗೆ ಒಪ್ಪುತ್ತದೆ. ಯುದ್ಧದಲ್ಲಿ ಎದುರಾಳಿಯ ಆಯುಧವನ್ನು ಕದ್ದರು ಎನ್ನುವುದಿಲ್ಲ, ವಶಪಡಿಸಿಕೊಂಡರು ಎನ್ನುತ್ತೇವೆ. ಬಾಂಗ್ಲಾದೇಶಕ್ಕೆ ಆಗ ಒಂದೇ ಒಂದು ವಿಮಾನವೂ ಇರಲಿಲ್ಲ ಎಂಬುದನ್ನು ನೆನೆಯಿರಿ. ಮತಿಯುರ್ ತೀರಿಕೊಂಡ ಐದು ವಾರಗಳ ನಂತರ, ಸೆಪ್ಟೆಂಬರ್ 28ರಂದು, ನಾಗಾಲ್ಯಾಂಡಿನ ದಿಮಾಪುರದಲ್ಲಿ ಭಾರತ ಕೊಟ್ಟ ಒಂದು ಡಕೋಟಾ ವಿಮಾನ, ಒಂದು ಆಟರ್ ವಿಮಾನ ಮತ್ತು ಒಂದು ಅಲೂಯೆಟ್ ಹೆಲಿಕಾಪ್ಟರ್‌ನೊಂದಿಗೆ ಆ ದೇಶದ ವಾಯುಪಡೆ ಹುಟ್ಟಿತು. ‘ಕಿಲೋ ಫ್ಲೈಟ್’ ಎಂದು ಅದಕ್ಕೆ ಹೆಸರು. (ಆ ಬಗೆಯ ಹೆಲಿಕಾಪ್ಟರನ್ನೇ ನಮ್ಮ ಬೆಂಗಳೂರಿನ ಎಚ್‌ಎಎಲ್ ‘ಚೇತಕ್’ ಎಂಬ ಹೆಸರಿನಲ್ಲಿ ತಯಾರಿಸುತ್ತಾ ಬಂದಿತು. ಅದರ ಮೇಲೆ ಕೆಲಸ ಮಾಡಿದ ನನ್ನಂಥವರಿಗೆ ಈ ಇತಿಹಾಸ ಓದುವಾಗ ಎದೆ ತುಂಬಿ ಬರುತ್ತದೆ.) ಡಿಸೆಂಬರ್ 3ರಂದು ಆ ಆಟರ್ ಮತ್ತು ಹೆಲಿಕಾಪ್ಟರ್‌ಗಳು ಚಿತ್ತಗಾಂಗ್ ಮತ್ತು ನಾರಾಯಣಗಂಜ್‌ಗಳ ತೈಲ ಸಂಗ್ರಹಾಗಾರಗಳ ಮೇಲೆ ದಾಳಿ ಮಾಡಿದವು. ಅವುಗಳನ್ನು ಹಾರಿಸಿದವರಲ್ಲಿ ಪಾಕಿಸ್ತಾನದ ಸೇವೆಯನ್ನು ತೊರೆದು ಬಂದ ಬಂಗಾಳಿ ಪೈಲಟ್‌ಗಳಿದ್ದರು. ಮತಿಯುರ್ ಬದುಕಿ ಬಂದಿದ್ದರೆ ಅವರ ಜಾಗ ಅಲ್ಲಿರುತ್ತಿತ್ತು.

ಉತ್ತರ: ಇತಿಹಾಸದ ಅಧ್ಯಾಪಕ, ಧಾರವಾಡ

ಪದದ ಆಯ್ಕೆಗಿಂತ ಮೊದಲು ಪ್ರತಿಜ್ಞೆಯ ಪ್ರಶ್ನೆ ಬರುತ್ತದೆ. ಸೈನಿಕನೊಬ್ಬ ತಾನು ಪ್ರಮಾಣ ಮಾಡಿದ ಸೇನೆಯಿಂದ ವಿಮಾನ ಒಯ್ದರೆ ಅದು ದ್ರೋಹವಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕದೆ ಎದುರಿಸಬೇಕು.

1970ರ ಡಿಸೆಂಬರ್ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಗೆದ್ದ ಅವಾಮಿ ಲೀಗ್‌ಗೆ ಇಡೀ ದೇಶದ ಬಹುಮತವಿದ್ದರೂ ಅಧಿಕಾರ ಕೊಡಲಿಲ್ಲ. ಬದಲಿಗೆ 1971ರ ಮಾರ್ಚ್ 25ರ ರಾತ್ರಿ ಸೇನೆಯನ್ನೇ ಢಾಕಾದ ಜನರ ಮೇಲೆ, ವಿಶ್ವವಿದ್ಯಾಲಯದ ವಸತಿನಿಲಯಗಳ ಮೇಲೆ ನುಗ್ಗಿಸಲಾಯಿತು. ಆ ಹೊತ್ತಿಗೆ ಮತಿಯುರ್ ರಜೆಯ ಮೇಲೆ ಪೂರ್ವದಲ್ಲೇ ಇದ್ದರು. ಈಗಿನ ನರಸಿಂದಿ ಜಿಲ್ಲೆಯ ರಾಯಪುರಾ ಉಪಜಿಲ್ಲೆಗೆ ಸೇರಿದ ರಾಮನಗರ ಅವರ ಪೂರ್ವಜರ ಊರು. ಅಲ್ಲಿ ಅವರು ಯುವಕರನ್ನು ಒಟ್ಟುಗೂಡಿಸಿ ತರಬೇತಿ ಕೊಟ್ಟರು, ಭೈರಬ್ ಪ್ರದೇಶದ ಪ್ರತಿರೋಧದಲ್ಲಿ ಭಾಗಿಯಾದರು. ಬಳಿಕ ಮೇ ತಿಂಗಳಲ್ಲಿ ಹೆಂಡತಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳೊಂದಿಗೆ ಕರಾಚಿಗೆ ಮರಳಿದರು. ಹೀಗೆ ಮರಳಿದ್ದನ್ನು ಕೆಲವು ಬರಹಗಳು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ. ನನಗಂತೂ ಇಡೀ ಕಥೆಯ ಹೃದಯ ಅಲ್ಲಿದೆ ಎನ್ನಿಸುತ್ತದೆ. ಊರಿನಲ್ಲಿ ನಡೆದದ್ದನ್ನು ಕಣ್ಣಾರೆ ಕಂಡು ಬಂದ ಮನುಷ್ಯ, ಅದನ್ನು ನಡೆಸಿದ ಸೇನೆಯದೇ ಸಮವಸ್ತ್ರ ತೊಟ್ಟು, ಬಂಗಾಳಿ ಎಂಬ ಕಾರಣಕ್ಕೆ ಹಾರಾಟದಿಂದ ದೂರವಿರಿಸಲ್ಪಟ್ಟು, ನೆಲದ ಮೇಲಿನ ಸುರಕ್ಷತಾ ಕೆಲಸ ಮಾಡುತ್ತಾ ಮೂರು ತಿಂಗಳಿಗೂ ಹೆಚ್ಚು ಕಾಲ ಕಾದರು.

ಏಪ್ರಿಲ್ 17ರಂದು ಮೆಹೆರ್‌ಪುರದ ಮಾವಿನ ತೋಪಿನಲ್ಲಿ ಬಾಂಗ್ಲಾದೇಶದ ತಾತ್ಕಾಲಿಕ ಸರ್ಕಾರ ಪ್ರಮಾಣವಚನ ಸ್ವೀಕರಿಸಿತ್ತು. ಅಂದರೆ ಆಗಸ್ಟ್ 20ರ ಹೊತ್ತಿಗೆ ಮತಿಯುರ್ ಅವರ ನಿಷ್ಠೆಗೆ ಪಾತ್ರವಾಗಬಲ್ಲ ಇನ್ನೊಂದು ಸರ್ಕಾರವಿತ್ತು. ಹಳೆಯ ಪ್ರಮಾಣವನ್ನು ಮೊದಲು ಮುರಿದದ್ದು, ತನ್ನ ಪ್ರಜೆಗಳ ಮೇಲೆಯೇ ಗುಂಡು ಹಾರಿಸಿದ ಪ್ರಭುತ್ವ.

ಈ ವಾದ ಭಾರತೀಯ ಓದುಗರಿಗೆ ಹೊಸದಲ್ಲ. 1945ರ ನವೆಂಬರ್‌ನಲ್ಲಿ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಶಾ ನವಾಜ್ ಖಾನ್, ಪ್ರೇಮ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ವಿಚಾರಣೆ ನಡೆದಾಗ ಬ್ರಿಟಿಷರು ಹೊರಿಸಿದ್ದು ಚಕ್ರವರ್ತಿಯ ವಿರುದ್ಧ ಯುದ್ಧ ಹೂಡಿದರೆಂಬ ಆರೋಪವನ್ನು; ಅದರ ಹಿಂದಿದ್ದದ್ದೂ ಇದೇ ನಿಷ್ಠೆಯ ಪ್ರಶ್ನೆ. ಪರಾಧೀನ ಜನತೆಗೆ ತನ್ನ ಬಿಡುಗಡೆಗಾಗಿ ಯುದ್ಧ ಹೂಡುವ ಹಕ್ಕಿದೆ ಎಂದು ಆ ಮೂವರ ವಕೀಲರಾದ ಭೂಲಾಭಾಯಿ ದೇಸಾಯಿ ವಾದಿಸಿದರು. ದೇಶದ ಜನ ಅವರ ಪರ ನಿಂತರು. ನಾವು ಆ ಮೂವರನ್ನು ದ್ರೋಹಿಗಳೆಂದು ಬರೆಯುವುದಿಲ್ಲವಾದರೆ ಮತಿಯುರ್ ಬಗ್ಗೆ ‘ಕದ್ದರು’ ಎಂದು ಬರೆಯಲು ನಮಗೆ ನ್ಯಾಯವಿಲ್ಲ. ಫಿಟ್ಟರ್ ಸಾಹೇಬರ ‘ವಶಕ್ಕೆ ತೆಗೆದುಕೊಂಡರು’ ನನಗೂ ಒಪ್ಪಿಗೆ.

ಉತ್ತರ: ಓದುಗಿ, ಬೀದರ್

ಮೇಲಿನ ಇಬ್ಬರು ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ. ಆದರೆ ‘ವಶಕ್ಕೆ ತೆಗೆದುಕೊಂಡರು’ ಎಂಬಲ್ಲಿ ನನಗೊಂದು ಅಸಮಾಧಾನವಿದೆ. ವಶವಾದದ್ದು ವಿಮಾನ ಮಾತ್ರವಲ್ಲ.

ನಮ್ಮೂರಿನ ವಾಯುನೆಲೆಯಲ್ಲಿ ಹಾಕ್ ವಿಮಾನಗಳಲ್ಲಿ ಯುವ ಪೈಲಟ್‌ಗಳಿಗೆ ತರಬೇತಿ ನಡೆಯುತ್ತದೆ. ಬೆಳಗ್ಗೆ ಬಟ್ಟೆ ಒಣಹಾಕುವಾಗ ತಲೆಯ ಮೇಲೆ ಅವು ಹಾದುಹೋಗುತ್ತವೆ. ಅಲ್ಲಿಯೂ ಆಸನಗಳು ಒಂದರ ಹಿಂದೆ ಒಂದು. ಮುಂದೆ ಕುಳಿತವನಿಗೆ ಹಿಂದಿನವರ ಮುಖ ಕಾಣುವುದಿಲ್ಲ. ಕಾಣದ ಆ ವ್ಯಕ್ತಿಯನ್ನು ನಂಬದೆ ಯಾವ ಹುಡುಗನೂ ಹಾರಲು ಕಲಿಯಲಾರನು. ರಶೀದ್ ಟ್ಯಾಕ್ಸಿವೇಯಲ್ಲಿ ವಿಮಾನ ನಿಲ್ಲಿಸಿದ್ದು ಬೋಧಕರ ಸನ್ನೆಯನ್ನು ನಂಬಿ. ಮಾರ್ಚ್ 25ರ ಹತ್ಯೆಗಳಿಗೆ ಆ ಇಪ್ಪತ್ತರ ಹುಡುಗ ಹೊಣೆಯಲ್ಲ. ಮತಿಯುರ್ ಅವರ ಗುರಿ ನ್ಯಾಯವಾದದ್ದೆಂದು ನಾನೂ ನಂಬುತ್ತೇನೆ, ಅವರ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೂ ಆ ನ್ಯಾಯದ ಬೆಲೆಯ ಒಂದು ಪಾಲನ್ನು ತೆತ್ತವನು ಅದನ್ನು ಆಯ್ದುಕೊಂಡಿರಲಿಲ್ಲ. ಅವನೂ ತನ್ನ ಕರ್ತವ್ಯವೆಂದು ತಿಳಿದದ್ದನ್ನು ಕೊನೆಯವರೆಗೂ ಮಾಡಿದ. ಪಾಕಿಸ್ತಾನದ ವಾಯುಪಡೆಯಿಂದ ನಿಶಾನ್-ಎ-ಹೈದರ್ ಪಡೆದವನು ಅವನೊಬ್ಬನೇ.

ಹಾಗಾಗಿ ನಿಮ್ಮ ವಾಕ್ಯದಲ್ಲಿ ರಶೀದನ ಹೆಸರು ಅಡಿಟಿಪ್ಪಣಿಗೆ ಹೋಗಬಾರದು, ವಾಕ್ಯದೊಳಗೇ ಇರಬೇಕು ಎಂದು ಕೇಳಿಕೊಳ್ಳುತ್ತೇನೆ. ಅವನಿಗೆ ಏಕವಚನ, ಮತಿಯುರ್‌ಗೆ ಬಹುವಚನ ಎಂದು ನಾವೆಲ್ಲ ಬರೆಯುತ್ತಿದ್ದೇವೆ, ನಾನೂ ಸೇರಿ. ಅದನ್ನೂ ಒಮ್ಮೆ ಯೋಚಿಸಿ.

ಉತ್ತರ: ಉಡುಪು ಉದ್ಯಮದ ಉದ್ಯೋಗಿ, ಬೆಂಗಳೂರು

ಕೆಲಸದ ನಿಮಿತ್ತ ಕೆಲವು ವರ್ಷ ಢಾಕಾದಲ್ಲಿದ್ದೆ. ಅಲ್ಲಿ ಮತಿಯುರ್ ಹೆಸರು ಪಠ್ಯಪುಸ್ತಕದ ಹೆಸರಷ್ಟೇ ಅಲ್ಲ. ಜೆಸ್ಸೂರಿನ ವಾಯುನೆಲೆ ಅವರ ಹೆಸರಿನಲ್ಲಿದೆ. ಅವರ ಪೂರ್ವಜರ ಊರು ಈಗ ಮತಿನಗರ. ಗಮನಿಸಿ, ಪಾಕಿಸ್ತಾನದ ಕಾಮ್ರಾ ವಾಯುನೆಲೆಗೂ ಮಿನ್ಹಾಸ್ ಹೆಸರೇ ಇದೆ.

ಆದರೆ ನಿಮ್ಮ ಪುಟದಲ್ಲಿ ತಪ್ಪದೆ ಬರಬೇಕಾದ ಸಂಗತಿ ಇನ್ನೊಂದು. ಮತಿಯುರ್ ಅವರನ್ನು ಮಸ್ರೂರ್ ನೆಲೆಯ ನಾಲ್ಕನೇ ದರ್ಜೆಯ ನೌಕರರ ಸ್ಮಶಾನದಲ್ಲಿ ಹೂಳಲಾಗಿತ್ತು. ತಾಯ್ನಾಡಿನ ಅತ್ಯುನ್ನತ ಬಿರುದು ಪಡೆದವರ ದೇಹ ಅವರನ್ನು ದ್ರೋಹಿ ಎಂದ ನೆಲದಲ್ಲಿ ಸುಮಾರು 35 ವರ್ಷ ಇತ್ತು. ಪತ್ನಿ ಮಿಲಿ ರಹಮಾನ್ ಅವಶೇಷಗಳನ್ನು ಮರಳಿ ತರಬೇಕೆಂದು ಬಿಡದೆ ಕೇಳುತ್ತಾ ಬಂದರು. ಕೊನೆಗೆ 2006ರ ಜೂನ್‌ನಲ್ಲಿ ಅವುಗಳನ್ನು ಢಾಕಾಕ್ಕೆ ತಂದು, ಸಕಲ ಸರ್ಕಾರಿ ಗೌರವಗಳೊಂದಿಗೆ ಮೀರ್‌ಪುರದ ಹುತಾತ್ಮ ಬುದ್ಧಿಜೀವಿಗಳ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ಮರುವರ್ಷದ ಡಿಸೆಂಬರ್‌ನಲ್ಲಿ ಇನ್ನೊಬ್ಬ ವೀರಶ್ರೇಷ್ಠ, ಸಿಪಾಯಿ ಹಮೀದುರ್ ರಹಮಾನ್ ಅವರ ಅವಶೇಷಗಳು ನಮ್ಮ ತ್ರಿಪುರಾದ ಮಣ್ಣಿನಿಂದ ಹೊರಟು ಅದೇ ಸ್ಮಶಾನವನ್ನು ಸೇರಿದವು. ಒಬ್ಬರು ಶತ್ರುವಿನ ನೆಲದಿಂದ, ಮತ್ತೊಬ್ಬರು ಮಿತ್ರನ ನೆಲದಿಂದ ಬಂದರು. ಅಲ್ಲಿ ನಿಂತಾಗ ನನಗೆ ಯುದ್ಧಕ್ಕಿಂತ ಹೆಚ್ಚಾಗಿ ಆ ಹೆಣ್ಣುಮಗಳು ಕಾದ ವರ್ಷಗಳೇ ನೆನಪಾದವು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಬೀದರಿನ ಸಹೋದರಿ ಹೇಳಿದ ವಚನದ ಮಾತು ನನ್ನನ್ನು ನಿಜಕ್ಕೂ ತಟ್ಟಿತು. ಇಬ್ಬರಿಗೂ ಬಹುವಚನವನ್ನೇ ಬಳಸಿದ್ದೇನೆ. ಹೆಸರಿಡುವ ಒಂದೇ ಕ್ರಿಯಾಪದವನ್ನು ಹುಡುಕುವುದನ್ನು ಬಿಟ್ಟು, ನಡೆದದ್ದನ್ನೇ ಬಿಡಿಸಿ ಬರೆದಿದ್ದೇನೆ. ಈಗಿನ ರೂಪ ಹೀಗಿದೆ:

‘1971ರ ಆಗಸ್ಟ್ 20ರಂದು ಮತಿಯುರ್ ರಹಮಾನ್ ಅವರು, ಹೊರಡಲು ಸಿದ್ಧರಾಗಿದ್ದ ಕೆಡೆಟ್ ರಶೀದ್ ಮಿನ್ಹಾಸ್ ಅವರನ್ನು ತಡೆದು, ಯುದ್ಧವಿಮಾನದ ಹಿಂದಿನ ಆಸನಕ್ಕೆ ಏರಿ, ತಮ್ಮ ದೇಶದ ಬಿಡುಗಡೆಯ ಹೋರಾಟವನ್ನು ಸೇರಲು ಅದನ್ನು ಭಾರತದ ಕಡೆಗೆ ತಿರುಗಿಸಿದರು. ರಶೀದ್ ಅವರು ಅದನ್ನು ಎದುರಿಸಿದರು. ಗಡಿ ತಲುಪುವ ಮೊದಲೇ ವಿಮಾನ ಥಟ್ಟಾ ಬಳಿ ಬಿದ್ದು ಇಬ್ಬರೂ ಪ್ರಾಣ ಕಳೆದುಕೊಂಡರು. ಮತಿಯುರ್ ಅವರಿಗೆ ಆಗ 29 ವರ್ಷ, ರಶೀದ್ ಅವರಿಗೆ 20.’

ಕರಾಚಿಯ ಸಮಾಧಿ ಮತ್ತು ಮಿಲಿ ರಹಮಾನ್ ಅವರ ವಿಷಯಕ್ಕೆ ಪುಟದ ಉಳಿದ ಅರ್ಧವನ್ನು ಕೊಟ್ಟಿದ್ದೇನೆ.

ಉತ್ತರ: ನಿವೃತ್ತ ಏರ್‌ಫ್ರೇಮ್ ಫಿಟ್ಟರ್, ಜಾಲಹಳ್ಳಿ

ಚೆನ್ನಾಗಿದೆ. ನಾನು ಸೂಚಿಸಿದ ಪದ ಬಿದ್ದುಹೋದದ್ದಕ್ಕೆ ಬೇಸರವಿಲ್ಲ. ಎರಡು ತಿದ್ದುಪಡಿಗಳನ್ನು ಮಾತ್ರ ಮಾಡಿ. ಒಂದು, ‘ಯುದ್ಧವಿಮಾನ’ ಅಲ್ಲ, ‘ತರಬೇತಿ ವಿಮಾನ’. ಎರಡನೆಯದಾಗಿ, ರಶೀದ್ ಅವರು ಅಷ್ಟರಲ್ಲಿ ಕೆಡೆಟ್ ಆಗಿರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಕಮಿಷನ್ ಪಡೆದು ಅಧಿಕಾರಿಯಾಗಿದ್ದರು. ‘ಪೈಲಟ್ ಆಫೀಸರ್’ ಎಂದು ಬರೆಯಿರಿ.